ದಾರಿಗೆ ಅಡ್ಡ ನಿಂತ ಬಾಬಾ

ಬಾಬಾ ಕೆಲಸ ಬಿಟ್ಟು ಊರಿಗೆ ಹೋಗಿ ಇವತ್ತಿಗೆ ಎಂಟು ದಿನವಾಯಿತು. ನನ್ನ ಕೋಣೆಯಿಂದ ಬಾತ್‌ರೂಮಿಗೆ ಹೋಗುವ ದಾರಿ ಮೂರು ನಿಮಿಷ ಕಡಿಮೆಯಾಗಿದೆ.

ತಮಾಷೆಗೆ ಹೇಳುವುದಲ್ಲ. ಗಲ್ಫಿನ ಮುಂತಜಾ ಏರಿಯಾದ ಈ ಹಳೇ ವಿಲ್ಲಾದಲ್ಲಿ ನಾವು ಹದಿನಾಲ್ಕು ಜನ, ಬಾತ್‌ರೂಮು ಎರಡು, ಕಂಪನಿ ಬಸ್ಸು ಆರೂವರೆಗೆ. ಅವರ ಕೋಣೆ ಸರಿಯಾಗಿ ದಾರಿಯ ನಡುವೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಟವೆಲು ಹೆಗಲಿಗೆ ಹಾಕಿಕೊಂಡು ಹೊಟ್ಟೆ ಹಿಡಿದು ಓಡುವವನಿಗೆ ಆ ಬಾಗಿಲಲ್ಲಿ ಆರಡಿಯ ಆಳೊಬ್ಬರು ಅಡ್ಡ ನಿಂತು ಕೇಳುವುದು: ಎದ್ದೆಯಾ? ಚೆನ್ನಾಗಿ ಎದ್ದೆಯಾ? ನಿದ್ದೆ ಹೇಗಿತ್ತು? ಊರಲ್ಲಿ ಅಮ್ಮ ಎದ್ದರಾ? ಅಕ್ಕ? ಅಕ್ಕನ ಮಕ್ಕಳು?

"ಎದ್ದಿರಲೇಬೇಕು ಬಾಬಾ, ಅಲ್ಲಿ ಈಗ ಎಂಟೂಕಾಲು."

"ಅಲ್ಹಮ್ದುಲಿಲ್ಲಾ. ಮತ್ತೆ ಭಾವ?"

ಎಲ್ಲದಕ್ಕೂ ಉತ್ತರ ಕೊಡಬೇಕು. ಕೊಟ್ಟಾದ ಮೇಲೆ ನಾವೂ ತಿರುಗಿ ಅಷ್ಟನ್ನೇ ಕೇಳಬೇಕು. ಕೇಳದೆ ನುಸುಳಿದರೆ ಅವರು ಬೈಯುತ್ತಿರಲಿಲ್ಲ. ಬಾತ್‌ರೂಮಿನ ಹೊರಗೆ ಬಂದು ನಿಂತು ಬಾಗಿಲ ಮೂಲಕ ಮುಂದುವರಿಸುತ್ತಿದ್ದರು.

ಬಾಬಾ ಯೊರುಬಾ, ಆಫ್ರಿಕಾದ ಒಂದು ಜನ. ಅವರ ಜನಕ್ಕೆ ಪ್ರತಿಯೊಂದಕ್ಕೂ ಒಂದು ನಮಸ್ಕಾರ ಉಂಟು. ಕೆಲಸ ಮಾಡುವವನನ್ನು ಕಂಡರೆ 'ಎ ಕು ಇಶೆ'. ಸುಮ್ಮನೆ ಕೂತವನನ್ನು ಕಂಡರೆ 'ಎ ಕು ಇಜೋಕೋ', ಅಂದರೆ ಕೂತದ್ದಕ್ಕೆ ನಮಸ್ಕಾರ. ಕಷ್ಟ ನುಂಗಿಕೊಂಡು ಇರುವವನಿಗೆ 'ಎ ಕು ಇರೋಜು', ತಾಳಿಕೊಂಡದ್ದಕ್ಕೆ ನಮಸ್ಕಾರ. ಬೇಸಗೆಗೂ ಒಂದು, ಪ್ರಯಾಣಕ್ಕೂ ಒಂದು, ಹೊಸ ಅಂಗಿ ಹಾಕಿದವನಿಗೂ ಒಂದು. ಕೂತದ್ದಕ್ಕೂ ನಮಸ್ಕಾರವಾ ಮಾರಾಯ್ರೆ! ನಮ್ಮ ಬಂಟ್ವಾಳದ ಕಡೆ ಸುಮ್ಮನೆ ಕೂತವನಿಗೆ ಸಿಗುವುದು ಬೇರೆ.

ಸನಾಯಾದಲ್ಲಿ, ಅಂದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ, ನಮ್ಮ ಕಂಪನಿಯ ಎ.ಸಿ. ಸ್ಟೋರು. ಬಾಬಾ ಸ್ಟೋರ್‌ಕೀಪರು, ನಾನು ಅಸಿಸ್ಟೆಂಟು. ಅಸಿಸ್ಟೆಂಟ್ ಎಂದರೆ ಏಣಿ ಹತ್ತುವವ. ಸೈಟಿನಿಂದ ಬಂದ ಫೋರ್ಮನ್ ಬೆವರು ಸುರಿಸುತ್ತಾ "ಯಲ್ಲಾ, ಯಲ್ಲಾ, ಮೋಟರ್ ಕೊಡು" ಎಂದು ಕೌಂಟರಿಗೆ ಗುದ್ದುತ್ತಾನೆ. ಬಾಬಾ ಕನ್ನಡಕದ ಮೇಲಿನಿಂದ ನೋಡುತ್ತಾರೆ. "ಗುಡ್ ಮಾರ್ನಿಂಗ್. ಬಿಸಿಲಲ್ಲಿ ಬಂದಿದ್ದೀ. ಮಕ್ಕಳು ಹೇಗಿದ್ದಾರೆ?" ಫೋರ್ಮನ್‌ನ ಮಕ್ಕಳು ಕ್ಷೇಮವೆಂದು ಗೊತ್ತಾಗುವವರೆಗೆ ಮೋಟರು ಕಪಾಟಿನಿಂದ ಇಳಿಯುತ್ತಿರಲಿಲ್ಲ. ಅವನು ಏಣಿಯ ಮೇಲಿದ್ದ ನನ್ನನ್ನು ನೋಡುವುದು, ನಾನು ಛಾವಣಿ ನೋಡುವುದು.

ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಎದುರಿಗಿದ್ದಾಗ ಹೇಳಿದವನೂ ಅಲ್ಲ. ಅವರಲ್ಲಿ ಹಿರಿಯರನ್ನು ಹೆಸರು ಹಿಡಿದು ಕರೆಯುವವ ಮನುಷ್ಯನೇ ಅಲ್ಲ. ಮಕ್ಕಳ ಹೆಸರಿನಿಂದ ಕರೆಯಬೇಕು, ಇಂಥವನ ಅಪ್ಪ ಅಂತ. ಇವರಿಗೆ ಅವಳಿ ಮಕ್ಕಳು, ಹಾಗಾಗಿ 'ಬಾಬಾ ಇಬೇಜಿ', ಅವಳಿಗಳ ಅಪ್ಪ. ಆ ಅವಳಿಗಳಲ್ಲಿ ಎರಡನೆಯದಾಗಿ ಹುಟ್ಟಿದವನೇ ಅಣ್ಣ ಎಂದು ಅವರು ನನಗೆ ಒಂದು ಇಡೀ ಮಧ್ಯಾಹ್ನ ವಾದ ಮಾಡಿದ್ದಾರೆ. ದೊಡ್ಡವನು ಒಳಗೇ ಕೂತು, "ಹೋಗಿ ನೋಡಿ ಬಾ, ಲೋಕ ಹೇಗುಂಟು" ಎಂದು ಚಿಕ್ಕವನನ್ನು ಮೊದಲು ಕಳಿಸಿದನಂತೆ.

"ಹಾಗಾದರೆ ನನ್ನನ್ನು ಯಾರೋ ಗಲ್ಫ್ ನೋಡಿ ಬಾ ಅಂತ ಕಳಿಸಿ ಒಳಗೇ ಉಳಿದಿದ್ದಾರೆ ಬಾಬಾ" ಎಂದೆ.

"ಬುದ್ಧಿವಂತ. ಅವನಿಗೆ ನನ್ನ ನಮಸ್ಕಾರ ಹೇಳು."

ವಿಲ್ಲಾದಲ್ಲಿ ಎಲ್ಲರೂ ಸುರುವಿಗೆ ಅವರನ್ನು 'ಆಫ್ರಿಕಾದವರು' ಎನ್ನುತ್ತಿದ್ದರು. ಅವರಿಗೆ ಮೈ ಉರಿಯುತ್ತಿತ್ತು. "ನಾನು ನಿನ್ನನ್ನು ಏಷ್ಯಾ ಅಂತ ಕರೆಯಲಾ? ಏ ಏಷ್ಯಾ, ಏಣಿ ತಾ!" ನಾನು ಯೊರುಬಾ, ಎನ್ನುತ್ತಿದ್ದರು, ಎರಡು ಕೆನ್ನೆಯ ಮೇಲಿದ್ದ ಮೂರು ಮೂರು ಗೀರುಗಳನ್ನು ಬೆರಳಿನಿಂದ ತೋರಿಸಿ. ಚಿಕ್ಕಂದಿನಲ್ಲಿ ಮನೆಯವರು ಕೊಯ್ದು ಹಾಕಿದ ಗುರುತು, ಯಾವ ಊರಿನವನು, ಯಾರ ಮನೆಯವನು ಅಂತ ಹೇಳುವುದಕ್ಕೆ. "ನೀನು ಯಾರು?" ಎಂದು ಕೇಳಿದರು. ಇಂಡಿಯನ್ ಎಂದೆ. "ಅದು ಪಾಸ್‌ಪೋರ್ಟು. ಅದನ್ನು ಆಫೀಸಿನವರು ಇಟ್ಟುಕೊಂಡಿದ್ದಾರೆ. ನಿನ್ನ ಹತ್ತಿರ ಉಳಿದದ್ದು ಏನು?" ಶಾಲೆಯಲ್ಲಿ ಕನ್ನಡ, ಮನೆಯಲ್ಲಿ ತುಳು, ಮೊದಲನೇ ಕೋಣೆಯವರಿಗೆ ಬ್ಯಾರಿ, ಅಂಗಡಿಯವನ ಹತ್ತಿರ ಮಲಯಾಳ ಎಂದು ನಾನು ಪಟ್ಟಿ ಹೇಳಿದ್ದಕ್ಕೆ ಪಾಪ ಎಂಬ ಹಾಗೆ ನೋಡಿದರು. ಅವರ ಮಾತು ಇಂಗ್ಲಿಷಿನಲ್ಲಿ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅಷ್ಟೆ.

ಇನ್ನು ನನ್ನ ವಿಷಯ. ನುಗ್ಗೆಕಾಯಿಗೆ ಪ್ಯಾಂಟು ಹಾಕಿದ ಹಾಗಿನ ದೇಹ, ಕಿವಿ ಮಾತ್ರ ಬೇರೆ ಯಾರದೋ. ದೇವರು ಪಾಪ ಅಂತ ಒಂದು ಕೊಟ್ಟ, ಅನುಕರಣೆ. ಯಾರ ಸ್ವರವನ್ನಾದರೂ ಎರಡು ಸಲ ಕೇಳಿದರೆ ಮೂರನೆಯದು ನನ್ನ ಗಂಟಲಿನಿಂದ ಬರುತ್ತಿತ್ತು. ಶುಕ್ರವಾರ ಸಂಜೆ ಟೆರೇಸಿನ ಮೇಲೆ ನನ್ನ ಪ್ರೋಗ್ರಾಮು. ಮ್ಯಾನೇಜರು, ಬಸ್ ಡ್ರೈವರು, ಇಂಟರ್‌ವ್ಯೂಗೆ ಹೋಗಿ ತೊದಲಿದ ನಾನೇ, ಎಲ್ಲರೂ ಬರುತ್ತಿದ್ದರು. ಬಾಬಾ ಅವರದ್ದೂ ಮಾಡಿದ್ದೆ. ಹೊಟ್ಟೆ ಮುಂದೆ ಮಾಡಿ, ದೊಗಲೆ ಬಿಳಿ ನಿಲುವಂಗಿಯ ತೋಳನ್ನು ಎರಡೂ ಹೆಗಲಿಗೆ ಎತ್ತಿ ಹಾಕಿಕೊಂಡು, ಬಾತ್‌ರೂಮಿಗೆ ಓಡುವವನನ್ನು ತಡೆದು ಇಡೀ ವಂಶದ ಕ್ಷೇಮ ಕೇಳುವುದು. ಜನ ಬಿದ್ದು ಬಿದ್ದು ನಕ್ಕರು. ಹಿಂದಿನಿಂದ ಒಂದು ದನಿ: "ಚೆನ್ನಾಗಿದೆ. ಆದರೆ ತೋಳನ್ನು ಎಡದ್ದು ಮೊದಲು ಎತ್ತಬೇಕು." ಆಮೇಲೆ ಅರ್ಧ ಗಂಟೆ ನನಗೆ ಪ್ರಾಕ್ಟೀಸು ಮಾಡಿಸಿದರು. ತಮಾಷೆ ಮಾಡಿದವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಾ?

ಆಗ ನಮ್ಮ ಮೆಸ್ಸು ನಡೆಸುತ್ತಿದ್ದದ್ದು ಹಸನಾಕ. ಉಪ್ಪಿನಂಗಡಿ ಕಡೆಯ ಬ್ಯಾರಿ, ಅಂದರೆ ನಮ್ಮ ಕರಾವಳಿಯ ಮುಸ್ಲಿಮರು, ನಲವತ್ತೈದರ ಹತ್ತಿರ, ಕಂಪನಿಯಲ್ಲಿ ವೆಲ್ಡರು. ಅಡುಗೆಗೆ ಸಂಬಳವಿಲ್ಲ. ಬೇರೆಯವರು ಮಾಡಿದ್ದು ಅವರ ಬಾಯಿಗೆ ಹಿಡಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಹದಿನಾಲ್ಕು ಜನಕ್ಕೆ ಬೇಯಿಸುತ್ತಿದ್ದರು. ಮೀನು ಸಾರಿಗೆ ಯಾರಾದರೂ ಕೈ ಹಾಕಿದರೆ ಸೌಟಿನಿಂದ ಏಟು. ಊರಿನಲ್ಲಿ ಅವರ ಉಮ್ಮ, ಅಂದರೆ ತಾಯಿ, ಒಬ್ಬರು, ಓದು ಬರಹ ಬರದವರು. ಹಾಗಾಗಿ ಕಾಗದದ ಬದಲು ಕ್ಯಾಸೆಟ್ಟು. ಊರಿಂದ ಬರುವವರ ಕೈಯಲ್ಲಿ ಉಮ್ಮ ಮಾತು ತುಂಬಿಸಿ ಕಳಿಸುವುದು, ಹಸನಾಕ ಕೇಳಿ ಕೇಳಿ ಸಾಕಾದ ಮೇಲೆ ಅದರ ಮೇಲೆಯೇ ತಮ್ಮ ಮಾತು ತುಂಬಿಸಿ ವಾಪಸು ಕಳಿಸುವುದು. ಆ ಕಾಲದಲ್ಲಿ ಗಲ್ಫಿನ ಎಲ್ಲರದ್ದೂ ಇದೇ ಕ್ರಮ. ಎರಡು ಮನೆಗೆ ಒಂದೇ ಕ್ಯಾಸೆಟ್ಟು.

ಉಮ್ಮನಿಗೆ ಟೇಪ್ ರೆಕಾರ್ಡರು ಎಂದರೆ ಟೆಲಿಫೋನಿನ ಹಾಗೆ. "ಮೋನೇ, ಊಟ ಆಯ್ತಾ?" ಎಂದು ಮಗನನ್ನು ಕೇಳಿ ಸುಮ್ಮನಾಗುತ್ತಿದ್ದರು, ಉತ್ತರಕ್ಕೆ ಕಾಯುತ್ತಾ. ಹಿಂದೆ ಒಂದು ಕೋಳಿ ಕೊಕ್ಕರಿಸುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ, "ಹ್ಞಾಂ, ಹಾಗಾದ್ರೆ ಸರಿ" ಎಂದು ಮುಂದಿನ ಪ್ರಶ್ನೆ.

ಒಂದು ದಿನ ಅವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹಸನಾಕ ಮಂಚದ ಮೇಲೆ ಕೂತು ಟೇಪನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಉಮ್ಮ ಕೇಳಿದರು, ಸುಮ್ಮನಾದರು. ಆ ಖಾಲಿ ಜಾಗದಲ್ಲಿ ಈ ಗಡ್ಡದ ಮನುಷ್ಯ ಮೆಲ್ಲಗೆ, "ಆಯ್ತು ಉಮ್ಮಾ" ಎಂದರು. "ಹ್ಞಾಂ, ಹಾಗಾದ್ರೆ ಸರಿ" ಎಂದಿತು ಟೇಪು.

ಎಂಥಾ ಮಾಲು ಸಿಕ್ಕಿತು ನೋಡಿ ನನಗೆ! ಆ ಶುಕ್ರವಾರವೇ ಟೆರೇಸಿನಲ್ಲಿ ಮಾಡಿದೆ. ಉಮ್ಮನೂ ನಾನೇ, ಕೋಳಿಯೂ ನಾನೇ, "ಆಯ್ತು ಉಮ್ಮಾ" ಎನ್ನುವ ವೆಲ್ಡರೂ ನಾನೇ. ಮೊದಲನೇ ಕೋಣೆಯವರೂ ನಕ್ಕರು, ಕೊನೇ ಕೋಣೆಯವರೂ ನಕ್ಕರು. ಎಲ್ಲರ ಬೆನ್ನ ಹಿಂದೆ, ನನಗೊಬ್ಬನಿಗೇ ಕಾಣುವ ಹಾಗೆ, ಮೆಟ್ಟಿಲ ಮೇಲೆ ಚಹಾದ ಟ್ರೇ ಹಿಡಿದು ಹಸನಾಕ ನಿಂತಿದ್ದರು. ಟ್ರೇಯನ್ನು ಮೆಟ್ಟಿಲ ಮೇಲಿಟ್ಟು ಇಳಿದು ಹೋದರು. ನಾನು ಕೆಳಗೆ ಓಡಿ ಬಾಗಿಲ ಹೊರಗೆ ನಿಂತು "ಸಾರಿ ಹಸನಾಕ" ಎಂದೆ. ನನ್ನ ಮಟ್ಟಿಗೆ ಖಲಾಸ್, ಸಾರಿ ಹೇಳಿ ಆಯಿತಲ್ಲ.

ಮರುದಿನ ಹಸನಾಕ ತಮ್ಮ ಸ್ಟವ್ವನ್ನು ಅಡುಗೆಮನೆಯಿಂದ ಹೊತ್ತು ತಂದು ಪ್ಯಾಸೇಜಿನಲ್ಲಿ ಇಟ್ಟು ಒಬ್ಬರಿಗೇ ಬೇಯಿಸಿಕೊಂಡರು.

ಇಷ್ಟಕ್ಕೇ ನಿಂತಿದ್ದರೆ ಏನೂ ಇರಲಿಲ್ಲ. ಆದರೆ ಅದು ತೊಂಬತ್ಮೂರರ ಸುರು. ಊರಿಂದ ಬರುವ ಕಾಗದಗಳಲ್ಲಿ ಬರೀ ಹಿಂದೂ-ಮುಸ್ಲಿಂ ಗಲಾಟೆ, ಕರ್ಫ್ಯೂ, ಅಂಗಡಿಗೆ ಬೆಂಕಿ. ಹಸನಾಕ ಹೊರಗೆ ಒಲೆ ಹಾಕಿದ್ದನ್ನು ನೋಡಿದ ಮೊದಲನೇ ಕೋಣೆಯ ಬ್ಯಾರಿಗಳು, ಅವರಿಗೆ ಏನೋ ಅನ್ನಿಸಿರಬೇಕು ಎಂದು ಅತ್ತ ಹೋದರು. ಇತ್ತ ನಮ್ಮ ಶೇಖರಣ್ಣ, ಕಂಪನಿಯ ಎಲೆಕ್ಟ್ರಿಷಿಯನ್ನು, ನಮ್ಮ ಕೋಣೆಯ ಹಿರಿಯ, "ಓಹೋ, ಹಾಗಾ? ಅವರಿಗೆ ನಮ್ಮೊಟ್ಟಿಗೆ ಊಟ ಬೇಡ್ವಂತಾ? ನಮಗೇನು ಬೇಯಿಸಲಿಕ್ಕೆ ಬರುದಿಲ್ವಾ?" ಎಂದು ಹೊಸ ಗ್ಯಾಸ್ ಸಿಲಿಂಡರ್ ತರಿಸಿದರು. ಬೇಯಿಸಲಿಕ್ಕೆ ಬರುವುದಿಲ್ಲ ಎಂದು ಮೊದಲನೇ ದಿನವೇ ಎಲ್ಲರಿಗೂ ಗೊತ್ತಾಯಿತು. ಆದರೂ ಮರ್ಯಾದೆ ಪ್ರಶ್ನೆ ನೋಡಿ, ಬೆಂದ ಕಡೆ ಕರಟಿ ಬೇಯದ ಕಡೆ ಹಸಿಯಿದ್ದ ಅನ್ನವನ್ನು ಎಲ್ಲರೂ ಹೊಗಳಿ ತಿಂದರು. ಹತ್ತು ವರ್ಷದ ಮೆಸ್ಸು ಒಂದು ವಾರದಲ್ಲಿ ಎರಡಾಯಿತು. ಕಾರಣ ಯಾರೂ ಕೇಳಲಿಲ್ಲ. ಎಲ್ಲರಿಗೂ ಕಾರಣ ಮೊದಲೇ ಗೊತ್ತಿತ್ತಲ್ಲ! ನಿಜವಾದ ಕಾರಣ ಗೊತ್ತಿದ್ದವ ನಾನು, ಸುಮ್ಮನೆ ಉಂಡೆ. ದೇಶದ ಸಮಸ್ಯೆಯ ಹಿಂದೆ ಅಡಗಿ ಕೂರಲು ನನ್ನಂಥ ನುಗ್ಗೆಕಾಯಿಗೆ ಧಾರಾಳ ಜಾಗ ಇತ್ತು.

ಕೇಳಿದ್ದು ಬಾಬಾ ಒಬ್ಬರೇ. ಅವರ ತಟ್ಟೆ ಎಲ್ಲಿಡಬೇಕು ಎಂಬುದೇ ಅವರ ಸಮಸ್ಯೆ. "ನೀವು ನಮ್ಮವರು, ಇಲ್ಲಿ ಬನ್ನಿ" ಎಂದರು ಪ್ಯಾಸೇಜಿನವರು. ಬಾಬಾ ಶುಕ್ರವಾರ ತಪ್ಪದೆ ಮಸೀದಿಗೆ ಹೋಗುವವರು. "ನನ್ನ ಅಣ್ಣ ಚರ್ಚಿನಲ್ಲಿ ಹಾಡಿಸುತ್ತಾನೆ. ಹಬ್ಬಕ್ಕೆ ನಾನು ಅವನ ಮನೆಗೆ, ನನ್ನ ಹಬ್ಬಕ್ಕೆ ಅವನು. ನಮ್ಮ ಅಮ್ಮ ಎಷ್ಟು ಒಲೆ ಇಡಬೇಕಿತ್ತು?" ಎಂದು ಕೇಳಿ, ಪ್ಯಾಸೇಜಿಗೂ ಅಡುಗೆಮನೆಗೂ ನಡುವಿನ ಹೊಸ್ತಿಲಲ್ಲಿ ಕೂತು ಊಟ ಮಾಡತೊಡಗಿದರು. ಎರಡೂ ಕಡೆಯವರು ಅವರನ್ನು ದಾಟದೆ ನೀರು ತರುವ ಹಾಗಿರಲಿಲ್ಲ. ದಾಟುವಾಗಲೆಲ್ಲ ಅಕ್ಕನ ಮಕ್ಕಳ ಕ್ಷೇಮ ಹೇಳಬೇಕು. ಸಾಕೋ ಸಾಕಾಯಿತು.

ಒಂದು ವಾರ ತಡೆದು ಸ್ಟೋರಿನಲ್ಲಿ ನಾನೇ ಬಾಯಿಬಿಟ್ಟೆ. ಬಾಬಾ ಪೂರ್ತಿ ಕೇಳಿದರು.

"ಕ್ಷಮೆ ಕೇಳಿದೆಯಾ?"

"ಕೇಳಿದೆ. ಬಾಗಿಲ ಹೊರಗಿಂದ."

"ಯಾರೊಟ್ಟಿಗೆ ಹೋಗಿದ್ದೆ?"

"ಯಾರೊಟ್ಟಿಗೆ? ತಪ್ಪು ಮಾಡಿದವ ನಾನೊಬ್ಬನೇ."

ಅವರು ತಲೆಗೆ ಕೈ ಇಟ್ಟುಕೊಂಡರು. ಒಬ್ಬನೇ ಬಂದವನು 'ನಾವು ಬಂದಿದ್ದೇವೆ' ಎನ್ನಲಾಗುವುದಿಲ್ಲ ಎಂದು ಅವರಲ್ಲಿ ಗಾದೆಯಂತೆ. ತಪ್ಪು ಮಾಡಿದವನು ಒಬ್ಬನೇ ಹೋಗಿ ಸಾರಿ ಹೇಳುವುದು ಕದ್ದವನು ಕದ್ದದ್ದನ್ನು ಕಿಟಕಿಯಿಂದ ವಾಪಸು ಎಸೆದ ಹಾಗೆ. ತಪ್ಪೇ ಮಾಡದ ನಾಲ್ಕು ಜನರನ್ನು ಕೂಡಿಸಿ, 'ನನ್ನೊಟ್ಟಿಗೆ ಬೇಡಿಕೊಳ್ಳಿ' ಎಂದು ಕರೆದುಕೊಂಡು ಹೋಗಬೇಕು.

"ಬಾಬಾ, ನಮ್ಮಲ್ಲಿ ಹಾಗೆಲ್ಲ ಇಲ್ಲ."

"ನಿಮ್ಮಲ್ಲಿ ಇದ್ದದ್ದು ಎರಡು ಒಲೆ ಮಾಡಿತಲ್ಲ. ಈಗ ನಮ್ಮದನ್ನು ನೋಡು."

ಶುಕ್ರವಾರ ಜುಮಾ ಮುಗಿಸಿ ಬಂದ ಬಾಬಾ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿಯಲ್ಲೇ, ತಲೆಯ ಟೊಪ್ಪಿ ಒಂದು ಕಡೆ ವಾಲಿಸಿ, ನನ್ನನ್ನೂ ಶೇಖರಣ್ಣನನ್ನೂ ಎಳೆದುಕೊಂಡು ಪ್ಯಾಸೇಜಿಗೆ ಬಂದರು. ನನ್ನ ಪ್ರತಾಪ ಆಗಲೇ ಶೇಖರಣ್ಣನಿಗೆ ಗೊತ್ತಾಗಿ ಒಂದು ಸುತ್ತು ಮಂಗಳಾರತಿ ಆಗಿತ್ತು. ಹಸನಾಕ ಒಲೆಯ ಮುಂದೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. "ಎ ಕು ಇಶೆ" ಎಂದ ಬಾಬಾ, ಆ ದೊಡ್ಡ ದೇಹವನ್ನು ಮೆಲ್ಲಗೆ ಇಳಿಸಿ, ಉದ್ದಕ್ಕೆ, ಕವುಚಿ, ಸಿಮೆಂಟು ನೆಲದ ಮೇಲೆ ಮಲಗಿಬಿಟ್ಟರು.

ಹಸನಾಕ ಹೌಹಾರಿ ಎದ್ದರು. "ಅಸ್ತಗ್‌ಫಿರುಲ್ಲಾ! ಏಳಿ, ಏಳಿ! ಮನುಷ್ಯನ ಮುಂದೆ ಹೀಗೆಲ್ಲ ಮಾಡಬಾರ್ದು!"

"ಹಣೆ ಅಲ್ಲಾಹನದ್ದು, ಅದು ನೆಲಕ್ಕೆ ತಾಗಿಲ್ಲ, ನೋಡು" ಎಂದರು ಬಾಬಾ ನೆಲದಿಂದಲೇ. "ಇದು ಬರೀ ಹೊಟ್ಟೆ. ಹೊಟ್ಟೆ ನಿನ್ನದು. ಹತ್ತು ವರ್ಷದಿಂದ ನೀನೇ ಬೆಳೆಸಿದ್ದು."

ಅವರಲ್ಲಿ ಚಿಕ್ಕವನು ಹಿರಿಯನ ಮುಂದೆ ಮಲಗುವುದು ಕ್ರಮ. ಇಲ್ಲಿ ಐವತ್ತೈದರ ಮನುಷ್ಯ ಹತ್ತು ವರ್ಷ ಚಿಕ್ಕವನ ಮುಂದೆ ಮಲಗಿದ್ದರು, ನನ್ನ ನಾಲಿಗೆಯ ದೆಸೆಯಿಂದ. ನಾನು ಗೋಡೆಗೆ ಒರಗಿ ನಿಂತು, ಈ ನೆಲ ಬಾಯಿ ತೆರೆಯಬಾರದಾ ಎಂದುಕೊಂಡೆ. ಹಸನಾಕ ಈರುಳ್ಳಿ ತಟ್ಟೆ ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಾಬಾ ಎದ್ದು ಧೂಳು ಕೊಡವಿ, "ಒಳ್ಳೇ ಸುರು" ಎಂದರು.

ಮುಂದಿನ ಶುಕ್ರವಾರ ಮತ್ತೆ. ಈ ಸಲ ನನ್ನ ಕುತ್ತಿಗೆ ಹಿಡಿದು ಪಕ್ಕದಲ್ಲಿ ಮಲಗಿಸಿದರು. ಫಿನಾಯಿಲ್ ಕುಡಿದ ನೆಲ, ಮೂಗಿನ ಪಕ್ಕ ಒಂದು ಇರುವೆ. "ಎದೆ ತಾಗಲಿ, ಎದೆ! ಬಂಗುಡೆ ಒಣಗಲಿಕ್ಕೆ ಹಾಕಿದ ಹಾಗೆ ಮಲಗಬೇಡ." ಶೇಖರಣ್ಣ ಮೇಲಿನಿಂದ, "ಇವನ ಬಾಯಿಗೆ ನನ್ನ ಶುಕ್ರವಾರದ ನಿದ್ದೆ ಹೋಯ್ತಲ್ಲ ಮಾರಾಯ್ರೆ" ಎಂದು ಗೊಣಗುತ್ತಿದ್ದರು. ಆ ವಾರ ಎಂಟು ಜನ ಸೇರಿದ್ದರು. ಮೂರನೇ ವಾರ ಹನ್ನೊಂದು. ಎರಡೂ ಒಲೆಯವರು ಒಂದೇ ಪ್ಯಾಸೇಜಿನಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತು, ಇವತ್ತಾದರೂ ಮುಗಿಯುತ್ತದಾ ಎಂದು ಗಡಿಯಾರ ನೋಡುತ್ತಿದ್ದರು.

ಮೂರನೇ ವಾರ ಹಸನಾಕ ಬಾಗಿಲು ಹಾಕಲಿಲ್ಲ. ನನ್ನನ್ನೇ ನೋಡಿ ಹೇಳಿದರು: "ಸಿಟ್ಟು ಇಲ್ಲ ಮಾರಾಯ. ಏಳು. ಆದರೆ ಆಮೇಲೆ ಒಂದು ದಿನ ಕ್ಯಾಸೆಟ್ ಹಾಕಿದೆ. ಉಮ್ಮ ಊಟ ಆಯ್ತಾ ಕೇಳಿದ್ರು. ಉತ್ತರ ಕೊಡ್ಲಿಕ್ಕೆ ಬಾಯಿ ಬರ್ಲಿಲ್ಲ. ನೀವೆಲ್ಲ ನಗುದೇ ಕೇಳಿತು. ನಾಚಿಕೆ ಆಯ್ತು, ನಮ್ಮ ಉಮ್ಮನ ಹತ್ರ ಮಾತಾಡ್ಲಿಕ್ಕೆ ನನಗೇ ನಾಚಿಕೆ. ಅದಕ್ಕೆ ಅದರ ಮೇಲೆ ನನ್ನದು ತುಂಬಿಸಿ ಕಳಿಸಿಬಿಟ್ಟೆ. ಇನ್ನು ಹೊಸದು ಬಂದ ಮೇಲೆ ನೋಡುವ."

ಯಾರೂ ಗಡಿಯಾರ ನೋಡಲಿಲ್ಲ.

ಹೊಸದು ಬರಲಿಲ್ಲ. ಹತ್ತು ದಿನಕ್ಕೆ ಮೂಲೆಯ ಅಂಗಡಿಯ ಫೋನಿಗೆ ಸುದ್ದಿ ಬಂತು. ಉಮ್ಮ ಬೆಳಗಿನ ಸುಬಹಿ ನಮಾಜಿಗೆ ಏಳಲಿಲ್ಲ, ಮಧ್ಯಾಹ್ನ ಲುಹರ್ ಹೊತ್ತಿಗೆ ಮಣ್ಣು ಮಾಡಿ ಆಯಿತು. ಹೋಗಲಿಕ್ಕೆ ಪಾಸ್‌ಪೋರ್ಟು ಆಫೀಸಿನಲ್ಲಿ, ಆಫೀಸಿಗೆ ಎರಡು ದಿನ ರಜೆ. ಹೋಗಿಯಾದರೂ ಯಾರನ್ನು ನೋಡುವುದು?

ಸಂಜೆ ಅಸರ್ ನಮಾಜು ಆದ ಮೇಲೆ ನಾವೆಲ್ಲ ಅವರ ಕೋಣೆಯಲ್ಲಿ ಸುಮ್ಮನೆ ನಿಂತಿದ್ದೆವು. ನಮಗೆ ಇಂಥ ಹೊತ್ತಿಗೆ ಮಾತು ಬರುವುದಿಲ್ಲ. ಒಬ್ಬ ಕೆಮ್ಮುತ್ತಾನೆ, ಇನ್ನೊಬ್ಬ ಫ್ಯಾನು ಜೋರು ಮಾಡುತ್ತಾನೆ. ಬಾಬಾ ಬಂದರು. "ಎ ಕು ಇರೋಜು" ಎಂದರು, ತಾಳಿಕೊಂಡದ್ದಕ್ಕೆ ನಮಸ್ಕಾರ. ಹಸನಾಕನ ಪಕ್ಕ ಮಂಚದ ಮೇಲೆ ಕೂತರು.

ಹಸನಾಕ ತಲೆ ಎತ್ತಿದರು, ನನ್ನ ಕಡೆಗೆ. "ಎಲ್ಲ ಅಳಿಸಿ ಹಾಕಿದೆ. ಒಂದು ಮಾತೂ ಉಳಿಸ್ಲಿಲ್ಲ. ನಿನ್ನ ಹತ್ರ ಮಾತ್ರ ಉಂಟು."

ನನಗೆ ಅರ್ಥವಾಯಿತು. ಆಗದಿದ್ದರೆ ಒಳ್ಳೆಯದಿತ್ತು. "ಬೇಡ ಹಸನಾಕ. ಅದು ತಮಾಷೆಗೆ..."

"ಒಂದು ಸಲ."

ಬಾಬಾ ಅವರನ್ನು ನೋಡಿದೆ, ಇವರಾದರೂ ಬೇಡ ಎನ್ನಲಿ ಎಂದು. ಆ ಮನುಷ್ಯ ನನಗೆ ಯಾವತ್ತಾದರೂ ಬೇಕಾದ್ದನ್ನು ಮಾಡಿದ್ದುಂಟಾ? ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟರು.

ಕೂತೆ. ನನ್ನ ಗಂಟಲು ಎಂಬುದು ಯಾವಾಗ ಕರೆದರೂ ಬರುವ ನಾಯಿ. ಅವತ್ತು ಮೂರು ಸಲ ಕರೆಯಬೇಕಾಯಿತು. ಕೊನೆಗೆ ಬಂತು.

"ಮೋನೇ, ಊಟ ಆಯ್ತಾ?"

ಸುಮ್ಮನಾದೆ. ಟೆರೇಸಿನಲ್ಲಿ ನಾಲ್ಕು ಸೆಕೆಂಡು ಬಿಟ್ಟು ಕೋಳಿ ಕೂಗಿಸುತ್ತಿದ್ದೆ. ಇಲ್ಲಿ ಕೋಳಿ ಬರಲಿಲ್ಲ. ಫ್ಯಾನು ತಿರುಗುತ್ತಿತ್ತು.

"ಇಲ್ಲ ಉಮ್ಮಾ" ಎಂದರು ಹಸನಾಕ.

ನನ್ನ ಹತ್ತಿರ ಮುಂದಿನ ಮಾತೇ ಇರಲಿಲ್ಲ. 'ಹ್ಞಾಂ, ಹಾಗಾದ್ರೆ ಸರಿ' ಎಂಬುದು ಆಯ್ತು ಎಂದವನಿಗೆ ಹೇಳುವ ಮಾತು. ಇಲ್ಲ ಎಂದರೆ ಉಮ್ಮ ಏನು ಹೇಳುತ್ತಾರೆ ಎಂದು ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ, ಯಾಕೆಂದರೆ ಈ ಮನುಷ್ಯ ಒಮ್ಮೆಯೂ ಇಲ್ಲ ಎಂದವರಲ್ಲ. ಬಾಯಿ ತೆರೆದುಕೊಂಡು ಕೂತೆ. ನನ್ನ ತೋಳು, ಹೊಟ್ಟೆ, ಎದೆ ಎಲ್ಲವನ್ನೂ ತಿದ್ದುತ್ತಿದ್ದ ಬಾಬಾ ಕೂಡ ಏನೂ ಹೇಳಿಕೊಡಲಿಲ್ಲ.

ಎದ್ದದ್ದು ಶೇಖರಣ್ಣ. "ಗಂಜಿ ಇಡ್ತೇನೆ" ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಹೋಗಿ, ಎದುರಿಗೆ ಸಿಕ್ಕಿದ ಪ್ಯಾಸೇಜಿನ ಒಲೆಯನ್ನೇ ಹಚ್ಚಿದರು. ಅರ್ಧ ಗಂಟೆಯಲ್ಲಿ ಗಂಜಿ ಬಂತು. ಹಸನಾಕ ಎರಡು ಚಮಚ ಬಾಯಿಗಿಟ್ಟರು. ಕಣ್ಣೀರು ಗಡ್ಡಕ್ಕೆ ಇಳಿಯುತ್ತಿತ್ತು.

"ಶೇಖರ," ಎಂದರು, "ಇದೆಂತ ಮಾರಾಯ, ಇಷ್ಟು ಉಪ್ಪು? ಒಂದು ತಿಂಗಳಿಂದ ಇದನ್ನಾ ನೀವೆಲ್ಲ ತಿನ್ನುದು?"

"ಮತ್ತೆಂತ ಮಾಡುದು ಹಸನಾಕ" ಎಂದರು ಶೇಖರಣ್ಣ. "ತಿಂದು ನನ್ನ ಬಿ.ಪಿ. ಹೆಚ್ಚಾಗಿದೆ."

ನಾಲ್ಕನೇ ದಿನ ಹಸನಾಕ ಸ್ಟವ್ವನ್ನು ಹೊತ್ತುಕೊಂಡು ಅಡುಗೆಮನೆಗೆ ವಾಪಸು ಬಂದರು. ನಮ್ಮ ಮೇಲಿನ ಪ್ರೀತಿಯಿಂದ ಎಂದು ನಾನು ಬರೆಯಬಹುದು. ಆದರೆ ಅವರು ಹೇಳಿದ್ದು, "ಅನ್ನಕ್ಕೆ ಹೀಗೆ ಅವಮಾನ ಮಾಡುದು ನೋಡ್ಲಿಕ್ಕಾಗುದಿಲ್ಲ" ಅಂತ. ಹೊಸ್ತಿಲಲ್ಲಿ ಕೂತಿದ್ದ ಬಾಬಾ ಎದ್ದು ದಾರಿ ಬಿಟ್ಟು, ಆ ಸ್ಟವ್ವಿಗೂ ಒಂದು ನಮಸ್ಕಾರ ಹೇಳಿದರು. ನನ್ನ ಶುಕ್ರವಾರದ ಪ್ರೋಗ್ರಾಮು ಮತ್ತೆ ಸುರುವಾಗಲು ಬಹಳ ದಿನ ಹಿಡಿಯಿತು. ಉಮ್ಮನ ದನಿ ಆಮೇಲೆ ಮೂರೋ ನಾಲ್ಕೋ ಸಲ ಬಂದಿದೆ, ಟೆರೇಸಿನಲ್ಲಿ ಅಲ್ಲ, ಅವರ ಕೋಣೆಯಲ್ಲಿ, ಅವರು ಕೇಳಿದಾಗ.

ಗಂಜಿಯ ಮರುದಿನದ ಒಂದು ವಿಷಯ ಹೇಳಲು ಬಿಟ್ಟೆ. ಬೆಳಿಗ್ಗೆ ಐದೂಮುಕ್ಕಾಲಿಗೆ ಎಂದಿನ ಹಾಗೆ ಟವೆಲು ಹಾಕಿಕೊಂಡು ಓಡುತ್ತಿದ್ದೆ. ಎಂದಿನ ಹಾಗೆ ಬಾಬಾ ಬಾಗಿಲಲ್ಲಿ. ನಿಂತೆ. ನಿದ್ದೆ, ಅಮ್ಮ, ಅಕ್ಕ, ಮಕ್ಕಳು, ಎಲ್ಲದಕ್ಕೂ ಉತ್ತರ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿತ್ತು. ಅವರು ನನ್ನನ್ನು ನೋಡಿದರು, ಬಾಯಿ ತೆರೆದರು, ಮುಚ್ಚಿದರು.

"ನಿನ್ನೆ ನೀನು ಮಾಡಿದ್ದಕ್ಕೆ ನಮ್ಮಲ್ಲಿ ಒಂದು ನಮಸ್ಕಾರ ಇರಬೇಕು" ಎಂದರು. "ಎದ್ದಾಗಿನಿಂದ ಹುಡುಕುತ್ತಿದ್ದೇನೆ. ಸಿಗುತ್ತಾ ಇಲ್ಲ."

ಅಷ್ಟು ಹೇಳಿ ಪಕ್ಕಕ್ಕೆ ಸರಿದರು. ದಾರಿ ಖಾಲಿಯಾಯಿತು. ಎರಡು ವರ್ಷದಿಂದ ನಾನು ಬೇಡಿಕೊಂಡಿದ್ದದ್ದು ಅದೊಂದೇ. ಆದರೂ ಹೊಟ್ಟೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ, ಹಿಂದಿನಿಂದ ಶೇಖರಣ್ಣ "ಹೋಗು ಮಾರಾಯ, ಬಸ್ಸು ಬರ್ತದೆ!" ಎಂದು ಬೊಬ್ಬೆ ಹಾಕುವವರೆಗೆ.